ದುಡ್ಡು ನಿನ್ನದು, ಬೀಗದಕೈ ಯಾರದು?

ಲಕ್ಷ ರೂಪಾಯಿ ಸುರಿದು ತಂದ ಲ್ಯಾಪ್‌ಟಾಪ್ ಯಾರದು?

‘ಇದೆಂಥ ಪ್ರಶ್ನೆ ಸ್ವಾಮಿ, ದುಡ್ಡು ಕೊಟ್ಟವನದು’ ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ಅದರೊಳಗೆ ಏನು ಓಡಬೇಕು ಎಂದು ತೀರ್ಮಾನಿಸುವವರು ಯಾರು? ಎಷ್ಟು ವರ್ಷ ಓಡಬೇಕು ಎಂದು ನಿರ್ಧರಿಸುವವರು ಯಾರು? ಇಲ್ಲಿಗೆ ಬಂದರೆ ಎಂಜಿನಿಯರಿಂಗ್ ಓದಿದ ಹುಡುಗರೂ ತಲೆ ಕೆರೆದುಕೊಳ್ಳುತ್ತಾರೆ. ಸೈಟು ಕೊಳ್ಳುವಾಗ ಖಾತೆ ನೋಡುತ್ತೀರಿ. ಹಳೇ ಬೈಕು ಕೊಳ್ಳುವಾಗ ಆರ್.ಸಿ. ನೋಡುತ್ತೀರಿ. ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತೀರಿ, ತೂಕ ನೋಡುತ್ತೀರಿ, ತಿಂಗಳ ಕಂತು ನೋಡುತ್ತೀರಿ. ಒಡೆತನದ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಆ ಮಾತನ್ನು ಈ ಸಲ ಎತ್ತಲೇಬೇಕಾಗಿದೆ. ಹೊಸದಾಗಿ ಮಾರುಕಟ್ಟೆಗೆ ಬಂದ ಒಂದು ಲ್ಯಾಪ್‌ಟಾಪಿನಲ್ಲಿ, ಕಂಪನಿ ಕೊಟ್ಟದ್ದನ್ನು ಬಿಟ್ಟು ಬೇರೆ ಆಪರೇಟಿಂಗ್ ಸಿಸ್ಟಮ್ ಓಡಿಸಲು ಹೊರಟ ನಾಲ್ಕಾರು ಜನರ ಕತೆ ಇದು. ಕತೆ ನಡೆದದ್ದು ದೂರದ ದೇಶಗಳಲ್ಲಿ. ಆದರೆ ಅದರ ಪಾಠ ನಿಮ್ಮ ಬೆನ್ನ ಮೇಲಿನ ಬ್ಯಾಗಿನಲ್ಲಿದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಆಪರೇಟಿಂಗ್ ಸಿಸ್ಟಮ್ ಅಂದರೆ ಯಂತ್ರದ ಮೇಸ್ತ್ರಿ. ಕೀಲಿ ಒತ್ತಿದ್ದನ್ನು ಕೇಳಿಸಿಕೊಳ್ಳುವುದು, ಪರದೆ ಮೇಲೆ ಅಕ್ಷರ ಮೂಡಿಸುವುದು, ಬ್ಯಾಟರಿಯ ಲೆಕ್ಕ ಇಡುವುದು, ಎಲ್ಲ ಅವನ ಕೆಲಸ. ಮೈಕ್ರೋಸಾಫ್ಟ್‌ನ ವಿಂಡೋಸ್ ಒಬ್ಬ ಮೇಸ್ತ್ರಿ. ಆಪಲ್‌ನ ಮ್ಯಾಕ್‌ಓಎಸ್ ಇನ್ನೊಬ್ಬ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಶುರುಮಾಡಿ, ಆಮೇಲೆ ಸಾವಿರಾರು ಜನ ಸೇರಿ ಬೆಳೆಸಿದ ಲಿನಕ್ಸ್ ಮೂರನೆಯವನು. ಮೊದಲ ಇಬ್ಬರು ಕಂಪನಿಯ ಆಳುಗಳು. ಮೂರನೆಯವನಿಗೆ ಒಬ್ಬ ಧಣಿ ಅಂತ ಇಲ್ಲ. ಅವನ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಈಗ ಕತೆಗೆ ಬರೋಣ.

2020ರ ನವೆಂಬರ್ 10ರಂದು ಆಪಲ್ ಕಂಪನಿ ಎಂ1 ಎಂಬ ತನ್ನದೇ ಚಿಪ್ ಹಾಕಿದ ಮೂರು ಕಂಪ್ಯೂಟರ್‌ಗಳನ್ನು ಹೊರತಂದಿತು: ಮ್ಯಾಕ್‌ಬುಕ್ ಏರ್, 13 ಇಂಚಿನ ಮ್ಯಾಕ್‌ಬುಕ್ ಪ್ರೊ, ಮ್ಯಾಕ್ ಮಿನಿ. ಏರ್‌ನ ಹೊಟ್ಟೆಯಲ್ಲಿ ಫ್ಯಾನೇ ಇಲ್ಲ. ಆದರೂ ಬಿಸಿ ಕಡಿಮೆ, ಓಟ ಜಾಸ್ತಿ, ಬ್ಯಾಟರಿ ದಿನವಿಡೀ. ಜಗತ್ತು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಅದರ ಜೊತೆಗೇ ಒಂದು ಹಳೇ ದಾರಿ ಮುಚ್ಚಿಹೋಯಿತು. 2006ರಿಂದ ಇಂಟೆಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಎಂಬ ಸೌಲಭ್ಯ ಇತ್ತು. ಒಂದೇ ಯಂತ್ರದಲ್ಲಿ ಮ್ಯಾಕ್ ಬೇಕಾದರೆ ಮ್ಯಾಕ್, ವಿಂಡೋಸ್ ಬೇಕಾದರೆ ವಿಂಡೋಸ್. ಎಂ1 ಬಂದ ದಿನ ಅದು ಇಲ್ಲ. ಲಿನಕ್ಸ್ ಓಡಿಸೋಣ ಎಂದರೆ ಲಿನಕ್ಸಿಗೆ ಈ ಚಿಪ್‌ನ ಗುರುತೇ ಇಲ್ಲ. ಒಳಗೆ ಇರುವುದೆಲ್ಲ ಹೆಚ್ಚುಕಡಿಮೆ ಆಪಲ್‌ನ ಸ್ವಂತ ತಯಾರಿ. ಯಾವ ಭಾಗಕ್ಕೆ ಯಾವ ಸಂಖ್ಯೆ ಕಳಿಸಿದರೆ ಏನಾಗುತ್ತದೆ ಎಂಬ ಕೈಪಿಡಿಯನ್ನು ಕಂಪನಿ ಹೊರಗೆ ಕೊಟ್ಟಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆಪಲ್ ಬಾಗಿಲಿಗೆ ಬೀಗ ಜಡಿಯಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು, ರಿಕವರಿಗೆ ಹೋಗಿ, ಪಾಸ್‌ವರ್ಡ್ ಕೊಟ್ಟರೆ, ಯಂತ್ರದ ಒಡೆಯ ತನಗೆ ಬೇಕಾದ ಬೇರೆ ವ್ಯವಸ್ಥೆಯನ್ನು ಓಡಿಸಲು ಒಪ್ಪಿಗೆ ಕೊಡಬಹುದು. ಪಕ್ಕದಲ್ಲಿರುವ ಮ್ಯಾಕ್‌ಓಎಸ್‌ನ ಭದ್ರತೆಗೆ ಅದರಿಂದ ಕುಂದಿಲ್ಲ. ಇದು ತಪ್ಪಿ ಉಳಿದ ಕಂಡಿಯಲ್ಲ, ಬೇಕೆಂದೇ ಇಟ್ಟ ಬಾಗಿಲು. ಮೆಚ್ಚೋಣ. ಆದರೆ ಅದೇ ಕಂಪನಿ 2021ರಲ್ಲಿ ಅದೇ ಎಂ1 ಚಿಪ್ಪನ್ನು ಐಪ್ಯಾಡ್ ಪ್ರೊಗೆ ಹಾಕಿತಲ್ಲ, ಅಲ್ಲಿ ಈ ಬಾಗಿಲೇ ಇಲ್ಲ. ಚಿಪ್ ಒಂದೇ, ದುಡ್ಡು ಕೊಟ್ಟ ಗಿರಾಕಿಯೂ ಅವನೇ. ಒಂದು ಕಡೆ ಅವನು ಒಡೆಯ, ಇನ್ನೊಂದು ಕಡೆ ಬಾಡಿಗೆದಾರ. ಅಂದರೆ ಬೀಗ ಹಾಕಬೇಕೋ ಬೇಡವೋ ಎನ್ನುವುದು ವಿಜ್ಞಾನದ ಪ್ರಶ್ನೆಯಲ್ಲ, ಧಣಿಯ ಮರ್ಜಿ!

ಬಾಗಿಲು ತೆರೆದಿದೆ, ಒಳಗೆ ಕಗ್ಗತ್ತಲು. ದೀಪ ಹಚ್ಚುವವರು ಯಾರು?

ಜಪಾನಿನಲ್ಲಿ ನೆಲೆಸಿದ್ದ ಸ್ಪೇನ್ ಮೂಲದ ಹೆಕ್ಟರ್ ಮಾರ್ಟಿನ್ ಮುಂದೆ ಬಂದ. ಹಿಂದೆ ಆಟದ ಯಂತ್ರಗಳಲ್ಲಿ ಲಿನಕ್ಸ್ ಓಡಿಸಿ ಹೆಸರು ಮಾಡಿದವನು. ಜನರಿಂದ ತಿಂಗಳು ತಿಂಗಳು ಚಂದಾ ಎತ್ತಿ ಕೆಲಸ ಶುರುಮಾಡಿದ. ಯೋಜನೆಗೆ ಇಟ್ಟ ಹೆಸರು ಅಸಾಹಿ ಲಿನಕ್ಸ್. ಜಪಾನಿ ಭಾಷೆಯಲ್ಲಿ ಅಸಾಹಿ ಅಂದರೆ ಉದಯಿಸುವ ಸೂರ್ಯ. ಮ್ಯಾಕ್ ಎಂಬ ಹೆಸರಿಗೆ ಮೂಲವಾದ ಮ್ಯಾಕಿಂಟಾಷ್ ಸೇಬಿಗೂ ಜಪಾನಿನಲ್ಲಿ ಅಸಾಹಿ ಎಂದೇ ಹೆಸರು. ತಮಾಷೆ ನೋಡಿ, ಹೆಸರನ್ನು ಅವರ ತೋಟದಿಂದಲೇ ಕಿತ್ತು ತಂದರು.

ಕೆಲಸ ಮಾಡಿದ ರೀತಿ ಇನ್ನೂ ಸೊಗಸು. ಆಪಲ್‌ನ ಪ್ರೋಗ್ರಾಮನ್ನು ಕದಿಯಲಿಲ್ಲ, ನಕಲು ಹೊಡೆಯಲಿಲ್ಲ. ಯಂತ್ರಕ್ಕೂ ಮ್ಯಾಕ್‌ಓಎಸ್‌ಗೂ ನಡುವೆ ತೆಳ್ಳಗಿನ ಒಂದು ಪದರ ಬರೆದು ಕೂರಿಸಿದರು. ಮ್ಯಾಕ್‌ಓಎಸ್ ತನ್ನ ಪಾಡಿಗೆ ತಾನು ಓಡುತ್ತದೆ. ಅದು ಪರದೆಗೆ ಏನು ಹೇಳಿತು, ಯುಎಸ್‌ಬಿಗೆ ಏನು ಹೇಳಿತು, ಅವು ಏನು ಉತ್ತರ ಕೊಟ್ಟವು, ಎಲ್ಲವನ್ನೂ ಈ ಪದರ ಬರೆದಿಟ್ಟುಕೊಳ್ಳುತ್ತದೆ. ಮಗ್ಗುಲಲ್ಲಿ ನಿಂತು ಮೆಷಿನ್‌ಮ್ಯಾನ್‌ನ ಕೈ ನೋಡಿ ನೋಡಿ ಅಚ್ಚಿನ ಕೆಲಸ ಕಲಿಯುವ ಹುಡುಗನ ಹಾಗೆ. ನೋಡಿದ್ದನ್ನು ಬರೆದುಕೊಂಡು, ಅದರಿಂದ ತಮ್ಮದೇ ಡ್ರೈವರ್ ಬರೆದರು. ಡ್ರೈವರ್ ಅಂದರೆ ಮೇಸ್ತ್ರಿಗೂ ಒಂದೊಂದು ಭಾಗಕ್ಕೂ ನಡುವೆ ನಿಲ್ಲುವ ದುಭಾಷಿ.

2022ರ ಮಾರ್ಚ್‌ನಲ್ಲಿ ಮೊದಲ ಪ್ರಯೋಗದ ಆವೃತ್ತಿ ಜನರ ಕೈಗೆ ಬಂತು. ಅದೇ ವರ್ಷ ಜುಲೈ 31ರಂದು ಲಿನಕ್ಸ್ ಜನಕ ಟೊರ್ವಾಲ್ಡ್ಸ್ 5.19ನೇ ಆವೃತ್ತಿಯನ್ನು ಬಿಡುಗಡೆ ಮಾಡಿದ್ದು ಒಂದು ಎಂ2 ಮ್ಯಾಕ್‌ಬುಕ್ ಏರ್‌ನಿಂದ. ಅದರಲ್ಲಿ ಓಡುತ್ತಿದ್ದದ್ದು ಅಸಾಹಿ. 2023ರ ಡಿಸೆಂಬರ್‌ನಲ್ಲಿ ಫೆಡೊರಾ ತಂಡದ ಜೊತೆ ಸೇರಿ ‘ಫೆಡೊರಾ ಅಸಾಹಿ ರೀಮಿಕ್ಸ್’ ಹೊರಬಂತು. ಇನ್‌ಸ್ಟಾಲ್ ಮಾಡುವವರು ವಿಜ್ಞಾನಿಗಳಾಗಬೇಕಿಲ್ಲ ಎಂಬ ಮಟ್ಟಕ್ಕೆ ಕೆಲಸ ಬಂದಿತ್ತು.

ಎಲ್ಲಕ್ಕಿಂತ ಕಷ್ಟದ ಭಾಗ ಚಿತ್ರ ಬಿಡಿಸುವ ಜಿಪಿಯು. ಅಲಿಸಾ ರೋಸೆನ್‌ಜ್ವೈಗ್ ಎಂಬ ಹೆಣ್ಣುಮಗಳು, ಆಗಿನ್ನೂ ವಿದ್ಯಾರ್ಥಿನಿ, ಅದಕ್ಕೆ ಕೈಹಾಕಿದಳು. 2021ರ ಜನವರಿಯಲ್ಲಿ ಆಕೆ ತನ್ನದೇ ಕೋಡ್‌ನಿಂದ ಆ ಚಿಪ್‌ನಲ್ಲಿ ಮೂಡಿಸಿದ್ದು ಏನು ಗೊತ್ತೆ? ಬರೀ ಒಂದು ತ್ರಿಕೋನ. ಮುಂದೆ ಅಸಾಹಿ ಲೀನಾ ಎಂಬ ಹೆಸರಿನಲ್ಲಿ ಬರೆಯುವವರೊಬ್ಬರು ಕರ್ನಲ್‌ನ ಭಾಗವನ್ನು ಬರೆದುಕೊಟ್ಟರು. ತ್ರಿಕೋನದಿಂದ ಹೊರಟ ಆ ಕೆಲಸ 2024ರ ಫೆಬ್ರವರಿಯಲ್ಲಿ ಓಪನ್‌ಜಿಎಲ್ 4.6 ಮಟ್ಟಕ್ಕೆ ಮುಟ್ಟಿತು. ಆಪಲ್‌ನ ಸ್ವಂತ ಮ್ಯಾಕ್‌ಓಎಸ್ ಅದೇ ಯಂತ್ರದಲ್ಲಿ 4.1ಕ್ಕೇ ನಿಂತುಬಿಟ್ಟಿತ್ತು! ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಂಡೋಸ್‌ಗೆಂದು ಬರೆದ ವಿಚರ್ 3, ಸೈಬರ್‌ಪಂಕ್ 2077ರಂಥ ಭಾರೀ ಆಟಗಳೂ ಆ ಲಿನಕ್ಸಿನಲ್ಲಿ ಓಡಿದವು. ಕೈಪಿಡಿ ಇಲ್ಲದೆ, ಕಂಪನಿಯ ಸಂಬಳ ಇಲ್ಲದೆ ಆದ ಕೆಲಸ ಇದು.

ಇನ್ನೊಂದು ಸಂಗತಿ ಕೇಳಿ. ಈ ಲ್ಯಾಪ್‌ಟಾಪುಗಳ ಸ್ಪೀಕರ್ ಪುಟ್ಟದು, ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರ್ ದೊಡ್ಡದು. ಮ್ಯಾಕ್‌ಓಎಸ್ ಸುರುಳಿಯ ಬಿಸಿಯನ್ನು ಲೆಕ್ಕ ಹಾಕಿ ಸದ್ದನ್ನು ಹತೋಟಿಯಲ್ಲಿಡುತ್ತದೆ. ಆ ಲೆಕ್ಕ ಇಲ್ಲದೆ ಜೋರಾಗಿ ಹಾಡು ಹಚ್ಚಿದರೆ ಸ್ಪೀಕರ್ ಸುಟ್ಟುಹೋಗುವ ಅಪಾಯ. ಅಸಾಹಿ ತಂಡದವರಿಗೆ ಸದ್ದು ಬರಿಸುವುದು ಗೊತ್ತಿತ್ತು. ಆದರೂ ಸುರಕ್ಷೆಯ ಪ್ರೋಗ್ರಾಮ್ ಬರೆದು ಮುಗಿಸುವವರೆಗೆ ಬಳಸುವವರಿಗೆ ಸ್ಪೀಕರ್ ಬಿಟ್ಟುಕೊಡಲಿಲ್ಲ. ಜನ ಗೊಣಗಿದರು. ಇವರು ಜಗ್ಗಲಿಲ್ಲ. ಪರರ ಯಂತ್ರ ಸುಡಬಾರದು ಎಂಬ ಜವಾಬ್ದಾರಿ ಅದು. ‘ಪುಕ್ಕಟೆ ಕೊಡುವವರ ಕೆಲಸ ಅಷ್ಟಕ್ಕಷ್ಟೆ’ ಎನ್ನುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ.

‘ಕಂಪನಿ ಕೊಟ್ಟದ್ದೇ ಚೆನ್ನಾಗಿ ಓಡುತ್ತಿದೆಯಲ್ಲ, ಇದೆಲ್ಲ ಯಾಕೆ ತಲೆನೋವು?’ ಎಂದು ಕೇಳುವ ಗೆಳೆಯರಿದ್ದಾರೆ. ಪ್ರಶ್ನೆ ಸಲೀಸು. ಉತ್ತರ ಕ್ಯಾಲೆಂಡರಿನಲ್ಲಿದೆ.

2012ರಲ್ಲಿ ಮೈಕ್ರೋಸಾಫ್ಟ್ ಸರ್ಫೇಸ್ ಆರ್‌ಟಿ ಎಂಬ ಯಂತ್ರ ಮಾರಿತು. ಅದಕ್ಕೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುವಂತಿರಲಿಲ್ಲ, ಬೀಗ. 2023ರ ಜನವರಿಯಲ್ಲಿ ಅದರ ವಿಂಡೋಸ್‌ಗೆ ಬೆಂಬಲ ಮುಗಿಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಷ್ಟನೇ ಪೀಳಿಗೆಯ ಪ್ರೊಸೆಸರ್ ಬೇಕು ಎಂಬ ಷರತ್ತು. ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಒಂದೇ ದಿನದಲ್ಲಿ ‘ಹಳೆಯವು’ ಆದವು. ಆಪಲ್ 2025ರ ಜೂನ್‌ನಲ್ಲಿ ಇಂಟೆಲ್ ಮ್ಯಾಕ್‌ಗಳಿಗೆ ‘ಟಾಹೋ’ ಆವೃತ್ತಿಯೇ ಕೊನೆ ಎಂದು ಸಾರಿತು. ನಾಳೆ ಎಂ1ಕ್ಕೂ ಅದೇ ಗತಿ. ತಗಡು ಹಾಗೇ ಇರುತ್ತದೆ, ಪರದೆ ಹೊಳೆಯುತ್ತಿರುತ್ತದೆ, ಮೇಸ್ತ್ರಿ ಮಾತ್ರ ಕೆಲಸ ಬಿಟ್ಟು ಹೋಗಿರುತ್ತಾನೆ. ಆ ದಿನ ಬೇರೆ ಮೇಸ್ತ್ರಿಯನ್ನು ಕರೆತರಲು ಬಾಗಿಲು ಇದ್ದವನಿಗೆ ಯಂತ್ರ ಉಳಿಯುತ್ತದೆ. ಇಲ್ಲದವನಿಗೆ ಗುಜರಿ ಅಂಗಡಿ.

ಇದು ಪ್ರೆಸ್ಸಿನವನಿಗೆ ಬೇಗ ಅರ್ಥವಾಗುವ ಮಾತು. ಸೆಕೆಂಡ್‌ಹ್ಯಾಂಡ್ ಜರ್ಮನ್ ಆಫ್‌ಸೆಟ್ ಮೆಷಿನ್ ತಂದರೆ ಅದರ ಜೊತೆ ಕೈಪಿಡಿ ಬರುತ್ತದೆ. ಯಾವ ರೋಲರ್ ಎಲ್ಲಿ, ಯಾವ ಗೇರ್‌ಗೆ ಎಷ್ಟು ಹಲ್ಲು, ಎಲ್ಲ ಚಿತ್ರ ಸಮೇತ. ಮೂವತ್ತು ವರ್ಷ ಹಳೆಯದಾದರೂ ನಮ್ಮೂರ ಮೆಕ್ಯಾನಿಕ್ ಬಿಚ್ಚಿ ಜೋಡಿಸುತ್ತಾನೆ, ಮಾರನೆಯ ದಿನ ಮದುವೆ ಪತ್ರಿಕೆ ಅಚ್ಚಾಗುತ್ತದೆ. ಅದೇ ಪ್ರೆಸ್ಸಿನ ಡಿಟಿಪಿ ಕೋಣೆಗೆ ಬನ್ನಿ. ಕನ್ನಡ ಅಕ್ಷರ ಜೋಡಿಸಲೆಂದು ಸಾವಿರಾರು ರೂಪಾಯಿ ಕೊಟ್ಟು ಒಂದು ಸಾಫ್ಟ್‌ವೇರ್ ಕೊಂಡಿದ್ದೆ. ಕಂಪನಿಯ ಹೆಸರು ಬೇಡ. ಅದಕ್ಕೊಂದು ಪುಟ್ಟ ಲಾಕ್. ಕಂಪ್ಯೂಟರಿನ ಹಿಂಭಾಗದ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸದಿದ್ದರೆ ಒಂದಕ್ಷರವೂ ಮೂಡದು. ಹೊಸ ಕಂಪ್ಯೂಟರ್ ಬಂತು, ಅದರಲ್ಲಿ ಆ ಪೋರ್ಟೇ ಇಲ್ಲ. ಕೇಳಿದರೆ ‘ಹೊಸ ಆವೃತ್ತಿ ಕೊಳ್ಳಿ’ ಎಂದರು. ಅಷ್ಟು ವರ್ಷ ಜೋಡಿಸಿದ ಕವನ ಸಂಕಲನಗಳು, ಜಾತ್ರೆ ಕರಪತ್ರಗಳು, ಶಾಲೆಯ ಸ್ಮರಣ ಸಂಚಿಕೆಗಳು ಆ ಸಾಫ್ಟ್‌ವೇರಿನ ಫಾಂಟಿನಲ್ಲೇ ಸೆರೆ. ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡ ನಮ್ಮದು, ಬರೆದವರು ನಮ್ಮವರು, ಅಚ್ಚು ಹಾಕಿದವನು ನಾನು. ಬೀಗದಕೈ ಮಾತ್ರ ಪರರ ಜೇಬಿನಲ್ಲಿ!

ಆದ್ದರಿಂದಲೇ ಈ ಪುಟದಲ್ಲಿ ಈ ಮಾತು. ಲಿನಕ್ಸ್ ಲೋಕದಲ್ಲಿ ಕನ್ನಡಕ್ಕೆ ಜಾಗ ಇದೆ. ಫೆಡೊರಾದಲ್ಲಿ ಯೂನಿಕೋಡ್ ಕನ್ನಡ ಫಾಂಟುಗಳು ಸಿಗುತ್ತವೆ. ನಾಡಿಗೆ ಕೆ.ಪಿ. ರಾವ್ ಕೊಟ್ಟ ಕೀಲಿಮಣೆ ವಿನ್ಯಾಸ ಲಿನಕ್ಸಿನ ಐಬಸ್‌ನಲ್ಲಿ ಪುಕ್ಕಟೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದವರು ನಮ್ಮ ಹುಡುಗರೇ. ಒತ್ತಕ್ಷರ ಕೆಟ್ಟಿದ್ದರೆ ಯಾವ ಕಂಪನಿಯ ಬಾಗಿಲಲ್ಲೂ ಅರ್ಜಿ ಹಿಡಿದು ನಿಲ್ಲಬೇಕಿಲ್ಲ, ಗೊತ್ತಿದ್ದವನು ಕೂತು ಸರಿಮಾಡಬಹುದು.

‘ಕಂಪನಿಯ ಯಂತ್ರದ ಗುಟ್ಟು ಹುಡುಕುವುದು ಕಾನೂನಿಗೆ ವಿರುದ್ಧ ಅಲ್ಲವೆ?’ ಎಂಬ ಅಂಜಿಕೆಯೂ ಕೆಲವರಿಗಿದೆ. ನಮ್ಮ ದೇಶದ ಕಾನೂನನ್ನೇ ಓದಿ. 1957ರ ಕಾಪಿರೈಟ್ ಕಾಯ್ದೆಗೆ 1999ರಲ್ಲಿ ತಿದ್ದುಪಡಿ ಬಂತು. ಅದರ 52ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸುವುದು, ಅಧ್ಯಯನ ಮಾಡುವುದು, ಪರೀಕ್ಷಿಸುವುದು ಅಪರಾಧವಲ್ಲ. ಸ್ವತಂತ್ರವಾಗಿ ಬರೆದ ಬೇರೊಂದು ಪ್ರೋಗ್ರಾಮ್ ಅದರೊಡನೆ ಹೊಂದಿಕೊಂಡು ಓಡಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದಾಗ, ಅದನ್ನು ಪಡೆಯಲು ಬೇಕಾದ ಕೆಲಸ ಮಾಡುವುದಕ್ಕೂ ಅವಕಾಶ ಇದೆ. ನಕಲು ಮಾಡಿ ಮಾರುವುದು ಬೇರೆ, ಕಲಿಯುವುದು ಬೇರೆ. ಪಾರ್ಲಿಮೆಂಟು ಕೊಟ್ಟ ಈ ಅವಕಾಶವನ್ನು ಬಳಸುವವರು ಬೇಕಷ್ಟೆ.

ಇನ್ನು ಕತೆಯ ಕಹಿ ಭಾಗ. ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ.

ಅಸಾಹಿ ತಂಡ ಎಂ1, ಎಂ2 ಮುಗಿಸುವಷ್ಟರಲ್ಲಿ ಆಪಲ್ 2023ರ ಅಕ್ಟೋಬರ್‌ನಲ್ಲಿ ಎಂ3 ತಂದಿತು, 2024ರಲ್ಲಿ ಎಂ4 ತಂದಿತು, 2025ರ ಅಕ್ಟೋಬರ್‌ನಲ್ಲಿ ಎಂ5. ಒಂದೊಂದು ಚಿಪ್‌ಗೂ ಹೊಸ ಕಗ್ಗತ್ತಲು. 2025 ಮುಗಿಯುವವರೆಗೂ ಅಸಾಹಿಯ ಇನ್‌ಸ್ಟಾಲರ್ ಸಾಮಾನ್ಯ ಬಳಕೆದಾರರಿಗೆ ಎಂ1, ಎಂ2 ದಾಟಿ ಮುಂದೆ ಹೋಗಲಿಲ್ಲ. ಆ ಹಳೇ ಯಂತ್ರಗಳಲ್ಲೂ ಬೆರಳ ಗುರುತು ಓದಿಸುವ ಟಚ್ ಐಡಿಯಂಥ ಭಾಗಗಳು ಅಲ್ಲಿಯವರೆಗೂ ಕೈಗೆಟುಕಲಿಲ್ಲ. ಕೊಡುವವರು ಬೆರಳೆಣಿಕೆ, ಕೇಳುವವರು ಲಕ್ಷಾಂತರ. ‘ಅದು ಯಾವಾಗ, ಇದು ಯಾವಾಗ’ ಎಂದು ದಿನ ಬೆಳಗಾದರೆ ದಬಾಯಿಸುವವರ ಕಾಟ ಬೇರೆ. ಲಿನಕ್ಸ್ ಕರ್ನಲ್‌ನ ಹಿರಿಯರ ಜೊತೆ ಜಟಾಪಟಿ ಮತ್ತೊಂದು ಕಡೆ. 2025ರ ಫೆಬ್ರವರಿಯಲ್ಲಿ ಹೆಕ್ಟರ್ ಮಾರ್ಟಿನ್ ದಣಿದು ನಾಯಕತ್ವ ಬಿಟ್ಟ. ಉಳಿದವರು ಹೊಣೆಯನ್ನು ಹಂಚಿಕೊಂಡು ಮುಂದುವರಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಲಿಸಾ ರೋಸೆನ್‌ಜ್ವೈಗ್ ಕೂಡ ಈ ಕೆಲಸಕ್ಕೆ ಮಂಗಳ ಹಾಡಿದಳು.

ಆಪಲ್ ಒಂದೇ ಹೀಗೆ ಅಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪುಗಳು ಬಂದವು. ಲಿನಕ್ಸಿಗೂ ಬೆಂಬಲ ಕೊಡುತ್ತೇವೆ ಎಂದು ಕಂಪನಿ ಆಗಲೇ ಸಾರಿತ್ತು. ಅದನ್ನು ನಂಬಿ ಜರ್ಮನಿಯ ಟುಕ್ಸೆಡೊ ಎಂಬ ಲಿನಕ್ಸ್ ಲ್ಯಾಪ್‌ಟಾಪ್ ಕಂಪನಿ ಬಹಳ ಕಾಲ ಬೆವರು ಸುರಿಸಿತು. 2025ರ ನವೆಂಬರ್‌ನಲ್ಲಿ ‘ಇದು ಆಗುವ ಮಾತಲ್ಲ’ ಎಂದು ಆ ಮಾದರಿಯನ್ನೇ ಕೈಬಿಟ್ಟಿತು. ಆಶ್ವಾಸನೆಗೆ ಬೆಲೆ ಎಷ್ಟು ಎಂದು ಚುನಾವಣೆ ಕಂಡವರಿಗೆ ಬಿಡಿಸಿ ಹೇಳಬೇಕೆ?

ಹಾಗಾಗಿ ಬಾಗಿಲು ತೆರೆದಿಟ್ಟರೆ ಸಾಲದು, ಮನೆಯ ನಕ್ಷೆಯನ್ನೂ ಕೊಡಬೇಕು. ಇದು ನಮ್ಮ ವಾದ. ನಕ್ಷೆ ಕೊಡದ ಕಂಪನಿ, ಹತ್ತು ಜನ ಪ್ರತಿಭಾವಂತರ ಐದು ವರ್ಷದ ಆಯಸ್ಸನ್ನು ತಿಂದುಹಾಕುತ್ತದೆ. ಕೈಪಿಡಿ ಸಿಕ್ಕಿದ್ದರೆ ತಿಂಗಳುಗಳಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ವರ್ಷಗಳು ಹೋದವು. ಆ ಹೊತ್ತಿಗೆ ‘ಹೊಸ ಲ್ಯಾಪ್‌ಟಾಪ್’ ಹಳೆಯದಾಗಿತ್ತು.

ಯುವಮಿತ್ರರೇ, ನಿಮ್ಮ ಕೈಯಲ್ಲಿ ಏನಿದೆ? ಬೇಕಾದಷ್ಟಿದೆ.

ಒಂದು, ಕೊಳ್ಳುವ ಮುಂಚೆ ಕೇಳಿ. ‘ಇದರಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಓಡುತ್ತದೆಯೆ? ವೈಫೈ, ಸ್ಪೀಕರ್, ಕ್ಯಾಮೆರಾ, ನಿದ್ದೆಗೆ ಹೋಗಿ ಏಳುವುದು, ಎಲ್ಲ ಸರಿಯಿದೆಯೆ?’ ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ. ಕೇಳಿ ಆದರೂ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಉತ್ತರ ಸಿದ್ಧವಾಗುತ್ತದೆ. ಡೆಲ್, ಲೆನೊವೊಗಳ ಕೆಲವು ಮಾದರಿಗಳು ಕಾರ್ಖಾನೆಯಿಂದಲೇ ಉಬುಂಟು ಹಾಕಿಕೊಂಡು ಬರುತ್ತವೆ. ಯಾರೋ ಕೇಳಿದ್ದಕ್ಕೇ ಅಲ್ಲವೆ?

ಎರಡು, ಪೆಟ್ಟಿಗೆ ಒಡೆದ ದಿನವೇ ಹೊಸ ಯಂತ್ರದ ಮೇಲೆ ಪ್ರಯೋಗ ಬೇಡ. ಚಿಪ್ ಹೊಸದಾದಷ್ಟೂ ತೊಡಕು ಜಾಸ್ತಿ. ಎಂ1 ಏರ್ ಇದ್ದವನು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಟ್ಟು, ಡಿಸ್ಕಿನಲ್ಲಿ ಜಾಗ ಮಾಡಿಕೊಂಡು ಅಸಾಹಿ ಹಾಕಲಿ. ಮ್ಯಾಕ್‌ಓಎಸ್ ಪಕ್ಕದಲ್ಲೇ ಇರುತ್ತದೆ, ಅಳಿಸಬೇಕಿಲ್ಲ. ವಿಂಡೋಸ್ 10 ಕೈಬಿಟ್ಟ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಗುಜರಿಗೆ ಹಾಕುವ ಮುಂಚೆ ಲಿನಕ್ಸ್ ಹಾಕಿ, ತಂಗಿಗೆ ಕೊಡಿ, ಊರಿನ ಶಾಲೆಗೆ ಕೊಡಿ.

ಮೂರು, ಬರೀ ಕೇಳುವವರಾಗಬೇಡಿ. ಬೆಂಗಳೂರಿನ ಕಂಪನಿಗಳಲ್ಲಿ ಚಿಪ್ ವಿನ್ಯಾಸ ಮಾಡುವ, ಡ್ರೈವರ್ ಬರೆಯುವ ಕನ್ನಡದ ಹುಡುಗ ಹುಡುಗಿಯರು ಎಷ್ಟು ಮಂದಿ! ಹಗಲು ಕಂಪನಿಯ ಬೀಗ ಮಾಡುವ ಕೈಗಳು, ಬಿಡುವಿನಲ್ಲಿ ಜನರಿಗೊಂದು ಕೀಲಿ ಮಾಡಿಕೊಡಬಾರದೆ? ಕೋಡ್ ಬರೆಯಲು ಬಾರದವರು ಪರೀಕ್ಷೆ ಮಾಡಿ, ತಪ್ಪು ಕಂಡರೆ ವಿವರವಾಗಿ ಬರೆದು ತಿಳಿಸಿ, ಮೆನುಗಳನ್ನು ಕನ್ನಡಕ್ಕೆ ತನ್ನಿ, ನೂರು ರೂಪಾಯಿ ಚಂದಾ ಕೊಡಿ. ಏನೂ ಆಗದಿದ್ದರೆ ಪುಕ್ಕಟೆ ದುಡಿಯುವವರನ್ನು ಬೈಯದೆ ಸುಮ್ಮನಿರಿ. ಅದೂ ಉಪಕಾರವೇ.

ಅಸಾಹಿಯ ಜನ ಯಾವ ಕಂಪನಿಯನ್ನೂ ಬೀಳಿಸಲಿಲ್ಲ. ಅವರು ಮಾಡಿ ತೋರಿಸಿದ್ದು ಇಷ್ಟೇ: ಯಂತ್ರ ಮಾರಿದ ಮೇಲೆ ಅದರ ಕೊನೆಯ ಮಾತು ಮಾರಿದವನದಾಗಬೇಕಿಲ್ಲ. ಒಂದು ತ್ರಿಕೋನದಿಂದ ಶುರುಮಾಡಿ ಅದನ್ನು ಸಾಧಿಸಿದರು. ಮುಂದಿನ ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿ ಮೆಟ್ಟಿಲು ಹತ್ತುವಾಗ ಬೆಲೆ ಕೇಳುವುದು ಹೇಗೂ ಇದ್ದೇ ಇದೆ. ಅದಕ್ಕೂ ಮೊದಲು ಬೀಗದಕೈ ಕೇಳಿ.